ತುಟಿಗೆ ಹೊಂದದ ಮಾತು, ಮೂರು ಹೆಸರಿನ ಸಿನಿಮಾ: ಹಳೆಯ ಇಟಾಲಿಯನ್ ಚಿತ್ರಗಳಲ್ಲಿ 'ಮೂಲ' ಯಾವುದು?

ಓದುಗರ ಪ್ರಶ್ನೆ: "ನಮ್ಮೂರಲ್ಲಿ ಏಳೆಂಟು ಗೆಳೆಯರು ಸೇರಿ ಚಿಕ್ಕದೊಂದು ಸಿನಿಮಾ ಬಳಗ ಕಟ್ಟಿಕೊಂಡಿದ್ದೇವೆ. ಈ ಸಲ 1960–70ರ ದಶಕದ ಇಟಲಿಯ ಕೌಬಾಯ್, ಕೊಲೆ-ರಹಸ್ಯ, ಹಾರರ್ ಚಿತ್ರಗಳನ್ನು ತೋರಿಸೋಣ ಎಂದುಕೊಂಡೆವು. ಕೈಹಾಕಿದ ಮೇಲೆ ತಲೆ ಕೆಟ್ಟಿದೆ. 'ಡೀಪ್ ರೆಡ್' ಚಿತ್ರದ ನನ್ನ ಪ್ರತಿ 105 ನಿಮಿಷ ಇದೆ. ಗೆಳೆಯನದು ಎರಡು ಗಂಟೆ ದಾಟುತ್ತದೆ, ಆದರೆ ಅದರಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು ನಡುನಡುವೆ ಇಟಾಲಿಯನ್‌ಗೆ ಹೊರಳಿಬಿಡುತ್ತಾರೆ. ಪೂರ್ತಿ ಇಟಾಲಿಯನ್ ಹಾಕಿ ನೋಡಿದರೂ ತುಟಿಗೂ ಮಾತಿಗೂ ಹೊಂದುವುದಿಲ್ಲ. ನಮಗೆ ಸಿಕ್ಕಿದ್ದು ನಕಲಿ ಪ್ರತಿಯೇ? ಮೂಲ ಯಾವುದು? ಇನ್ನೊಂದು ಭಯ: ಇಂಥ ಕೆಲವು ಚಿತ್ರಗಳಲ್ಲಿ ನಿಜವಾಗಿಯೂ ಮನುಷ್ಯರನ್ನು ಕೊಂದಿದ್ದಾರೆ ಎಂದು ಒಬ್ಬರು ಹೇಳಿದರು. ನಮ್ಮಲ್ಲಿಗೆ ಕಾಲೇಜಿನ ಮಕ್ಕಳೂ ಬರುತ್ತಾರೆ. ತೋರಿಸಬಹುದೇ?"

ಉತ್ತರ: ನಿಮ್ಮ ಪ್ರತಿ ನಕಲಿಯಲ್ಲ, ನಿಮ್ಮ ಗೆಳೆಯರದೂ ಅಲ್ಲ. ಎರಡೂ ಅಧಿಕೃತವಾಗಿಯೇ ಹೊರಬಂದ ಆವೃತ್ತಿಗಳು.

ಹಳೆಯ ಫಿಲಂ ರೀಲುಗಳನ್ನು ಬಿಚ್ಚಿ, ಪರೀಕ್ಷಿಸಿ, ತೊಳೆದು, ಸ್ಕ್ಯಾನ್ ಮಾಡುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಈ ಚಿತ್ರಗಳ ಬಗ್ಗೆ ಜನ ನನ್ನನ್ನು ಅತಿ ಹೆಚ್ಚು ಸಲ ಕೇಳಿದ್ದು ನಿಮ್ಮ ಪ್ರಶ್ನೆಯನ್ನೇ. ಎಲ್ಲೋ ಒಂದು ಕಡೆ ಒಂದೇ ಒಂದು ಪೂರ್ಣ ಪ್ರತಿ ಇದೆ, ಮಿಕ್ಕದ್ದೆಲ್ಲ ಅದರ ಹಾಳಾದ ರೂಪ ಎಂಬ ನಂಬಿಕೆ ಆ ಪ್ರಶ್ನೆಯ ಬೆನ್ನಿಗಿರುತ್ತದೆ. ಆ ಕಾಲದ ಇಟಲಿಯ ಜನಪ್ರಿಯ ಚಿತ್ರಗಳ ಮಟ್ಟಿಗೆ ಈ ನಂಬಿಕೆ ಹೊಂದುವುದೇ ಅಪರೂಪ. ಅವು ಹುಟ್ಟುವಾಗಲೇ ಎರಡು ಮೂರು ರೂಪಗಳಲ್ಲಿ ಹುಟ್ಟಿದವು.

ಮಾತಿನ ವಿಷಯದಿಂದಲೇ ಶುರುಮಾಡೋಣ. ಆಗಿನ ಇಟಲಿಯಲ್ಲಿ ಶೂಟಿಂಗ್ ಜಾಗದಲ್ಲಿ ಧ್ವನಿಯನ್ನು ಬಳಕೆಗೆಂದು ಮುದ್ರಿಸುವ ರೂಢಿ ಇರಲಿಲ್ಲವೆಂದೇ ಹೇಳಬಹುದು. ಕ್ಯಾಮೆರಾ ಸದ್ದು ಮಾಡುತ್ತಿರಲಿ, ಪಕ್ಕದ ಸೆಟ್ಟಿನಲ್ಲಿ ಬಡಗಿ ಮೊಳೆ ಹೊಡೆಯುತ್ತಿರಲಿ, ನಿರ್ದೇಶಕರು ಶಾಟ್ ನಡೆಯುವಾಗಲೇ ಕೂಗಿ ಸೂಚನೆ ಕೊಡುತ್ತಿರಲಿ, ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಟರು ತಂತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು. ಅಮೆರಿಕದವನು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಎದುರಿನವನು ಇಟಾಲಿಯನ್‌ನಲ್ಲಿ ಉತ್ತರಿಸುತ್ತಿದ್ದ, ಬಾಗಿಲಲ್ಲಿ ನಿಂತ ಮೂರನೆಯವನು ಸ್ಪ್ಯಾನಿಷ್‌ನಲ್ಲಿ ಬಾಯಿಹಾಕುತ್ತಿದ್ದ. ಆಮೇಲೆ ರೋಮಿನ ಡಬ್ಬಿಂಗ್ ಕೋಣೆಯಲ್ಲಿ ಕೂತು ಇಟಾಲಿಯನ್ ಧ್ವನಿಯನ್ನೂ, ರಫ್ತಿಗೆಂದು ಇಂಗ್ಲಿಷ್ ಧ್ವನಿಯನ್ನೂ ಬೇರೆಬೇರೆಯಾಗಿ ತಯಾರಿಸುತ್ತಿದ್ದರು.

ನಮ್ಮಲ್ಲೂ ಪರಭಾಷೆಯ ನಟಿಯರಿಗೆ ಬೇರೆಯವರು ಕಂಠದಾನ ಮಾಡುವುದು ಹೊಸದೇನಲ್ಲ, ನಿಜ. ಆದರೆ ಕನ್ನಡ ಚಿತ್ರದಲ್ಲಿ ಕೊನೆಗೆ ಎಲ್ಲರೂ ಸೇರುವುದು ಕನ್ನಡಕ್ಕೇ. ಆ ಚಿತ್ರಗಳಿಗೆ ಅಂಥ ಒಂದು ತವರು ಭಾಷೆ ಇರಲಿಲ್ಲ. 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಇಟಲಿ, ಸ್ಪೇನ್, ಪಶ್ಚಿಮ ಜರ್ಮನಿ ಮೂರೂ ಸೇರಿ ಹಣ ಹೂಡಿದ ಚಿತ್ರ. ನಾಯಕನಾದ ಅಮೆರಿಕದ ನಟ ಕ್ಲಿಂಟ್ ಈಸ್ಟ್‌ವುಡ್ ಅವರ ಬಾಯಿಂದ ಇಟಲಿಯ ಪ್ರೇಕ್ಷಕರು ಕೇಳಿದ್ದು ಎನ್ರಿಕೊ ಮರಿಯಾ ಸಲೆರ್ನೊ ಎಂಬ ಹೆಸರಾಂತ ನಟರ ಕಂಠ. ಖಳನ ಪಾತ್ರದ ಜಾನ್ ಮರಿಯಾ ವೊಲೊಂತೆ ಅಪ್ಪಟ ಇಟಾಲಿಯನ್ ನಟ, ರಂಗಭೂಮಿಯಲ್ಲಿ ಪಳಗಿದವರು. ಆದರೂ ಇಟಾಲಿಯನ್ ಆವೃತ್ತಿಯಲ್ಲೇ ಅವರಿಗೆ ಇನ್ನೊಬ್ಬರ ಧ್ವನಿ ಇದೆ! ಹಾಗಾಗಿ ತುಟಿಗೆ ಮಾತು ಹೊಂದದಿರುವುದು ನಿಮ್ಮ ಡಿಸ್ಕಿನ ದೋಷವಲ್ಲ. 1964ರಲ್ಲಿ ಮೊದಲ ದಿನ ಮೊದಲ ಆಟ ನೋಡಿದವನಿಗೂ ಅದು ಹೊಂದಿರಲಿಲ್ಲ.

ಇನ್ನು ಉದ್ದದ ವ್ಯತ್ಯಾಸ, ಒಂದೇ ಚಿತ್ರಕ್ಕೆ ಮೂರು ಮೂರು ಹೆಸರು. ಇದಕ್ಕೆ ಕಾರಣ ದುಡ್ಡು ಹುಟ್ಟುತ್ತಿದ್ದ ಬಗೆ. ನಮ್ಮ ಗಾಂಧಿನಗರದಲ್ಲಿ ಎಂ.ಜಿ. ಎನ್ನುತ್ತಾರಲ್ಲ, ಆ ಮಿನಿಮಮ್ ಗ್ಯಾರಂಟಿ ಪದ್ಧತಿ ಅಲ್ಲೂ ಇತ್ತು, ಹೆಸರೂ ಅದೇ: ಮಿನಿಮೊ ಗರಾಂತಿತೊ. ನಿರ್ಮಾಪಕರು ಒಂದು ಶೀರ್ಷಿಕೆ, ಒಂದು ಪೋಸ್ಟರ್, ಇಬ್ಬರು ನಟರ ಹೆಸರು ಹಿಡಿದು ಪ್ರಾಂತ್ಯವಾರು ಹಂಚಿಕೆದಾರರ ಹತ್ತಿರ ಹೋಗುತ್ತಿದ್ದರು. ಅವರು ಇಷ್ಟು ಕೊಡುತ್ತೇವೆ ಎಂದು ಬರೆದುಕೊಟ್ಟ ಕಾಗದವನ್ನು ಬ್ಯಾಂಕಿನಲ್ಲಿ ಇಟ್ಟು ನಗದು ಮಾಡಿಕೊಂಡ ಮೇಲೆ ಚಿತ್ರ ಸೆಟ್ಟೇರುತ್ತಿತ್ತು. ಮಿಕ್ಕ ದುಡ್ಡು ಹೊರದೇಶದ ಮಾರಾಟದಿಂದ ಬರಬೇಕು. ಜರ್ಮನಿಯವನು ತನಗೆ ಬೇಕಾದಂತೆ ಕತ್ತರಿಸುತ್ತಿದ್ದ, ಅಮೆರಿಕದವನು ಸಂಗೀತವನ್ನೇ ಬದಲಿಸುತ್ತಿದ್ದ. ಫ್ರಾಂಕೊ ನೀರೊ ನಟಿಸಿದ 'ಜಾಂಗೊ' 1966ರಲ್ಲಿ ಗೆದ್ದ ಮೇಲೆ ಜರ್ಮನಿಯಲ್ಲಿ ಅವರ ಬೇರೆ ಚಿತ್ರಗಳಿಗೂ, ಅವರು ಇಲ್ಲದ ಚಿತ್ರಗಳಿಗೂ ಅದೇ ಹೆಸರು ಅಂಟಿಸಿದರು.

ಇಟಲಿಯ ಒಳಗೇ ಪ್ರೇಕ್ಷಕರು ಒಂದು ಬಗೆಯವರಾಗಿರಲಿಲ್ಲ. ದೊಡ್ಡ ಊರಿನ ಮೊದಲ ದರ್ಜೆಯ ಚಿತ್ರಮಂದಿರಗಳಿಗೆ ಪ್ರೀಮಾ ವಿಸಿಯೋನೆ ಎನ್ನುತ್ತಿದ್ದರು. ಅಲ್ಲಿ ಓಡಿದ ಮೇಲೆ ಎರಡನೆಯ ದರ್ಜೆ, ಕಡೆಗೆ ಹೊರವಲಯ ಮತ್ತು ಹಳ್ಳಿಗಾಡಿನ ತೆರ್ತ್ಸಾ ವಿಸಿಯೋನೆ, ಅಂದರೆ ಮೂರನೆಯ ದರ್ಜೆ. ಅಲ್ಲಿಗೆ ಬರುವವರು ಇವತ್ತು ಯಾವ ಚಿತ್ರ ಎಂದು ಕೇಳಿ ಬರುತ್ತಿರಲಿಲ್ಲ, ಕೆಲಸ ಮುಗಿಸಿ ಗೆಳೆಯರ ಜೊತೆ ಕೂರಲು ಬರುತ್ತಿದ್ದರು. ಅರ್ಧ ಚಿತ್ರ ಓಡಿದ ಮೇಲೆ ಒಳಗೆ ಬರುವುದು, ಹರಟುವುದು, ಸಿಗರೇಟು ಸೇದುವುದು, ನಡುವೆ ಎದ್ದು ಹೋಗುವುದು ಎಲ್ಲ ಸಾಮಾನ್ಯ. ಟೆಂಟ್ ಸಿನಿಮಾ ಕಂಡವರಿಗೆ ಆ ವಾತಾವರಣ ಗೊತ್ತು. ಅಂಥ ಪ್ರೇಕ್ಷಕನ ಕಣ್ಣನ್ನು ಪರದೆಗೆ ಎಳೆಯಲು ಹತ್ತು ನಿಮಿಷಕ್ಕೊಂದು ಹೊಡೆದಾಟ, ಕೊಲೆ ಅಥವಾ ನಗು ಬೇಕು. ಈ ಚಿತ್ರಗಳ ಕಥೆ ಸಡಿಲ, ದೃಶ್ಯ ಮಾತ್ರ ಭಯಂಕರ ಎಂದು ಈಗ ಮನೆಯಲ್ಲಿ ಒಬ್ಬರೇ ಕೂತು ನೋಡುವವರು ದೂರುತ್ತಾರೆ. ಆ ಚಿತ್ರಗಳನ್ನು ಒಬ್ಬರೇ ಕೂತು ನೋಡಲು ಕಟ್ಟಿರಲಿಲ್ಲ.

ಒಂದು ಬಗೆಯ ಚಿತ್ರ ಗೆದ್ದರೆ ಅದೇ ಬಗೆಯವು ಡಜನ್‌ಗಟ್ಟಲೆ ಬರುತ್ತಿದ್ದವು. ಇದಕ್ಕೆ ಅವರು ಇಟ್ಟ ಹೆಸರು ಫಿಲೋನೆ, ಗಣಿಯೊಳಗಿನ ಅದಿರಿನ ಎಳೆ. ಅದಿರು ಇರುವ ತನಕ ಅಗೆಯುವುದು, ಬರಿದಾದರೆ ಪಕ್ಕದ ಎಳೆಗೆ ಹೋಗುವುದು. 1958ರಲ್ಲಿ ಸ್ಟೀವ್ ರೀವ್ಸ್ ಹರ್ಕ್ಯುಲಿಸ್ ಆದ ಮೇಲೆ ಆರೇಳು ವರ್ಷ ಮೈಕಟ್ಟಿನ ಪುರಾಣ ವೀರರು. 1964ರಿಂದ ಕುದುರೆ, ಬಂದೂಕು, ಸ್ಪೇನಿನ ಅಲ್ಮೆರಿಯಾದ ಬೆಂಗಾಡು. 1970ರಿಂದ ಕೈಗವಸು ತೊಟ್ಟ ಕೊಲೆಗಾರನ ರಹಸ್ಯ ಚಿತ್ರಗಳು. ಇವನ್ನು ಜಾಲ್ಲೊ ಎನ್ನುತ್ತಾರೆ, ಅರ್ಥ ಹಳದಿ. ಮೊಂದದೋರಿ ಪ್ರಕಾಶನ 1929ರಿಂದ ಹೊರತಂದ ಪತ್ತೇದಾರಿ ಕಾದಂಬರಿಗಳ ಹಳದಿ ರಕ್ಷಾಪುಟದಿಂದ ಬಂದ ಹೆಸರು. ಮಿಲಾನಿನ ಪಿಯಾತ್ಸಾ ಫೊಂತಾನಾ ಎಂಬ ಚೌಕದಲ್ಲಿ 1969ರ ಡಿಸೆಂಬರ್ 12ರಂದು ಬಾಂಬ್ ಸಿಡಿದು 17 ಜನ ಸತ್ತರು. ಅಲ್ಲಿಂದಾಚೆಗಿನ ರಾಜಕೀಯ ಹಿಂಸೆಯ ವರ್ಷಗಳಲ್ಲಿ ಕಾನೂನನ್ನು ಕೈಗೆ ತೆಗೆದುಕೊಳ್ಳುವ ಪೊಲೀಸರ ಚಿತ್ರಗಳು ಬೆಳೆದವು. ನಮ್ಮ ಕಡೆಗೂ ಕೌಬಾಯ್ ಎಳೆ ಹಬ್ಬಿತು: ತೆಲುಗಿನಲ್ಲಿ 1971ರ 'ಮೋಸಗಾಳ್ಳಕು ಮೋಸಗಾಡು', ಕನ್ನಡದಲ್ಲಿ ದ್ವಾರಕೀಶ್ ಅವರ 'ಕೌಬಾಯ್ ಕುಳ್ಳ'.

ಎಳೆ ಹಿಡಿಯುವ ಆತುರದಲ್ಲಿ ಹಕ್ಕಿನ ಪ್ರಶ್ನೆ ಹಿಂದೆ ಬಿದ್ದದ್ದೂ ಉಂಟು. 'ಫಿಸ್ಟ್‌ಫುಲ್' ಜಪಾನಿನ ಅಕಿರಾ ಕುರೊಸಾವಾ ಅವರ 1961ರ 'ಯೊಜಿಂಬೊ' ಕಥೆಯನ್ನು ಕೇಳದೆ ಎತ್ತಿಕೊಂಡಿತ್ತು. ಕೊನೆಗೆ ಜಗತ್ತಿನಾದ್ಯಂತದ ಗಳಿಕೆಯಲ್ಲಿ ಶೇ. 15 ಪಾಲು, ಜಪಾನ್ ಮೊದಲಾದ ಕಡೆಯ ಹಂಚಿಕೆ ಹಕ್ಕು ಕೊಟ್ಟು ರಾಜಿಯಾಗಬೇಕಾಯಿತು. ಆ ಚಿತ್ರದ ಮೊದಲ ಪ್ರತಿಗಳಲ್ಲಿ ನಿರ್ದೇಶಕ ಸೆರ್ಜಿಯೊ ಲಿಯೋನೆ ಅವರ ಹೆಸರು ಬಾಬ್ ರಾಬರ್ಟ್‌ಸನ್, ಸಂಗೀತ ಕೊಟ್ಟ ಎನ್ನಿಯೊ ಮೊರಿಕೊನೆ ಅವರದು ಡ್ಯಾನ್ ಸಾವಿಯೊ. ಇಂಥ ಹೆಸರು ಕಂಡು ಇದು ಅಮೆರಿಕದ ಚಿತ್ರ ಎಂದುಕೊಳ್ಳಬೇಡಿ. ಇಟಲಿಯವನು ಹಾರರ್ ಅಥವಾ ಕೌಬಾಯ್ ಚಿತ್ರ ಮಾಡುತ್ತಾನೆಂದರೆ ಇಟಲಿಯ ಜನರೇ ನಂಬುತ್ತಿರಲಿಲ್ಲ. ನಿರ್ದೇಶಕರಲ್ಲಿ ಮಾರಿಯೊ ಬಾವಾ ಕೆಲವೊಮ್ಮೆ ಜಾನ್ ಎಂ. ಓಲ್ಡ್ ಆದರು, ಅಂತೋನಿಯೊ ಮಾರ್ಗೆರಿತಿ ಆಂತೊನಿ ಡಾಸನ್ ಆದರು.

ಇಷ್ಟು ತಿಳಿದ ಮೇಲೆ 'ಡೀಪ್ ರೆಡ್'ಗೆ ಬರೋಣ. ದಾರಿಯೊ ಅರ್ಜೆಂತೊ ಅವರ ಈ ಚಿತ್ರ 1975ರಲ್ಲಿ ಇಟಲಿಯಲ್ಲಿ 'ಪ್ರೊಫೊಂದೊ ರೊಸ್ಸೊ' ಎಂಬ ಹೆಸರಿನಲ್ಲಿ ಬಿಡುಗಡೆಯಾದಾಗ ಎರಡು ಗಂಟೆ ಆರೇಳು ನಿಮಿಷ ಇತ್ತು. ಹೊರದೇಶಕ್ಕೆ ಕಳಿಸುವಾಗ ಇಪ್ಪತ್ತು ನಿಮಿಷಕ್ಕೂ ಹೆಚ್ಚು ತೆಗೆದರು. ಹೋದದ್ದು ರಕ್ತ ಮಾತ್ರ ಎಂದುಕೊಳ್ಳಬೇಡಿ. ಪಿಯಾನೊ ನುಡಿಸುವ ನಾಯಕನಿಗೂ ಪತ್ರಕರ್ತೆಗೂ ನಡುವಣ ಸರಸ-ಜಗಳದ ದೃಶ್ಯಗಳೇ ಹೆಚ್ಚಾಗಿ ಹೋದವು. ಕತ್ತರಿಸಿದ ಭಾಗಗಳಿಗೆ ಇಂಗ್ಲಿಷ್ ಧ್ವನಿ ಇಲ್ಲದ ಕಾರಣ ಪೂರ್ಣ ಉದ್ದದ ಇಂಗ್ಲಿಷ್ ಪ್ರತಿಯಲ್ಲಿ ಆ ಜಾಗಗಳು ಬಂದಾಗ ಎಲ್ಲರೂ ಇಟಾಲಿಯನ್‌ಗೆ ಹೊರಳುತ್ತಾರೆ. ನಿಮ್ಮ ಗೆಳೆಯರ ಪ್ರತಿಯಲ್ಲಿ ಆಗುತ್ತಿರುವುದು ಇದೇ. ಯಾವ ಮಾತು ಇಟಾಲಿಯನ್‌ಗೆ ಹೊರಳಿತೋ ಅದು ಆಗ ಕತ್ತರಿಗೆ ಸಿಕ್ಕಿದ ತುಂಡು ಎಂದು ಗುರುತಿಸಿಕೊಳ್ಳಿ.

ಯಾವುದನ್ನು ತೋರಿಸುವುದು? ಮೊದಲು ಪರದೆಯ ಮೇಲಿನ ತುಟಿ ನೋಡಿ. ಮುಖ್ಯ ಪಾತ್ರಧಾರಿಗಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದು, ಇಂಗ್ಲಿಷ್ ಆವೃತ್ತಿಗೆ ತಾವೇ ಧ್ವನಿ ಕೊಟ್ಟಿದ್ದರೆ ಇಂಗ್ಲಿಷ್ ಆರಿಸಿಕೊಳ್ಳಲು ಹಿಂಜರಿಯಬೇಕಿಲ್ಲ. ಲಿಯೋನೆ ಅವರ 'ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ' ಅಂಥದ್ದು. ಆದರೆ ಅದರ ವಿಸ್ತೃತ ಆವೃತ್ತಿಯಲ್ಲಿ ಒಂದು ತೊಡಕಿದೆ. ಇಟಲಿಯಲ್ಲಿ ಮಾತ್ರ ಇದ್ದ ದೃಶ್ಯಗಳನ್ನು 2003ರ ಹೊತ್ತಿಗೆ ಇಂಗ್ಲಿಷ್ ಆವೃತ್ತಿಗೂ ಸೇರಿಸಿದಾಗ ಈಸ್ಟ್‌ವುಡ್, ಈಲೈ ವಾಲಕ್ ಇಬ್ಬರೂ ಇಳಿವಯಸ್ಸಿನಲ್ಲಿ ಬಂದು ಮತ್ತೆ ಮಾತು ಕೊಟ್ಟರು. ಮೂರನೆಯ ಮುಖ್ಯ ನಟ ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರಿಗೆ ಬೇರೆಯವರ ಕಂಠ. ಮೂವತ್ತೈದರ ಮುಖದಿಂದ ಎಪ್ಪತ್ತು ದಾಟಿದವರ ಗಂಟಲು ಕೇಳಿದಾಗ ನನಗಂತೂ ಕಿರಿಕಿರಿಯಾಗುತ್ತದೆ. ಚಿಕ್ಕದಾದ ಅಂತರರಾಷ್ಟ್ರೀಯ ಆವೃತ್ತಿಯನ್ನೇ ನಾನು ಹಾಕುತ್ತೇನೆ. ನಟರಲ್ಲಿ ಹೆಚ್ಚಿನವರು ಇಟಾಲಿಯನ್ನರಾಗಿದ್ದರೆ ಇಟಾಲಿಯನ್ ಧ್ವನಿಯೇ ಸರಿ. ಆಗಿನ ರೋಮಿನ ಡಬ್ಬಿಂಗ್ ಕಲಾವಿದರು ಪಳಗಿದ ರಂಗನಟರು, ರಫ್ತಿನ ಇಂಗ್ಲಿಷ್ ಹಲವು ಸಲ ಅವಸರದ ಕೆಲಸ. ಒಂದು ಅಪಾಯ ನೆನಪಿರಲಿ: ಕೆಲವು ಡಿಸ್ಕ್‌ಗಳಲ್ಲಿ ಇಟಾಲಿಯನ್ ಧ್ವನಿಗೆ ಕೊಟ್ಟ ಸಬ್‌ಟೈಟಲ್ ಇಂಗ್ಲಿಷ್ ಡಬ್ಬಿಂಗಿನ ಸಂಭಾಷಣೆಯದ್ದೇ ಆಗಿರುತ್ತದೆ. ಪಾತ್ರ ಎರಡು ಪದ ಆಡಿದರೆ ಕೆಳಗೆ ಎರಡು ಸಾಲು ಓಡುತ್ತದೆ. ಕೊಳ್ಳುವ ಮೊದಲು ಹತ್ತು ನಿಮಿಷ ಪರೀಕ್ಷಿಸಿ.

ಕೆಲವು ಸಂದರ್ಭಗಳಲ್ಲಿ ಆವೃತ್ತಿ ಬೇರೆ ಎಂದರೆ ಚಿತ್ರವೇ ಬೇರೆ. ಬಾವಾ ಅವರ 'ಲೀಸಾ ಎ ಇಲ್ ದಿಯಾವೊಲೊ' 1973ರ ಕನಸಿನಂಥ ಚಿತ್ರ, ಕೊಳ್ಳುವವರು ಸಿಗಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ದೆವ್ವ ಬಿಡಿಸುವ ಚಿತ್ರವೊಂದು ಭಾರಿ ಗೆಲುವು ಕಂಡಿತು. ನಿರ್ಮಾಪಕರು ಪಾದ್ರಿಯ ಪಾತ್ರ ಹೊಸದಾಗಿ ಸೇರಿಸಿ, ಹೊಸ ದೃಶ್ಯ ಚಿತ್ರಿಸಿ 'ದಿ ಹೌಸ್ ಆಫ್ ಎಕ್ಸಾರ್ಸಿಸಂ' ಎಂದು 1975ರಲ್ಲಿ ಬಿಟ್ಟರು. ಇಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಮೊದಲಿನದನ್ನೇ ತೋರಿಸಿ.

ಚಿತ್ರದ ಗುಣಮಟ್ಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಚಿತ್ರಗಳಲ್ಲಿ ಎಷ್ಟೋ ಟೆಕ್ನಿಸ್ಕೋಪ್ ಎಂಬ ಪದ್ಧತಿಯಲ್ಲಿ ತೆಗೆದವು. ಟೆಕ್ನಿಕಲರ್ ಕಂಪನಿಯ ಇಟಲಿ ಶಾಖೆ 1960ರ ಸುಮಾರಿಗೆ ರೂಪಿಸಿದ್ದು. ಮಾಮೂಲಿ 35 ಮಿ.ಮೀ. ಫಿಲಂನಲ್ಲಿ ಒಂದು ಚೌಕಟ್ಟಿಗೆ ಪಕ್ಕದ ನಾಲ್ಕು ತೂತುಗಳಷ್ಟು ಎತ್ತರ, ಇಲ್ಲಿ ಎರಡೇ ತೂತು. ಸಾವಿರ ಅಡಿ ರೀಲು 11 ನಿಮಿಷದ ಬದಲು 22 ನಿಮಿಷ ಬರುತ್ತದೆ, ಕಚ್ಚಾ ಫಿಲಂನ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಅಗಲ ಪರದೆಯೂ ಸಿಗುತ್ತದೆ. ದುಬಾರಿ ಅಗಲಪರದೆ ಮಸೂರವೂ ಬೇಡ, ಸಾಧಾರಣ ಲೆನ್ಸ್ ಸಾಕು. ಅಂಥ ಲೆನ್ಸಿನಲ್ಲಿ ಮುಖದ ತೀರಾ ಹತ್ತಿರ ಹೋಗಬಹುದು, ಹಿಂದಿನ ಬೆಟ್ಟವೂ ಸ್ಪಷ್ಟವಾಗಿ ನಿಲ್ಲುತ್ತದೆ. ಲಿಯೋನೆ ಅವರ ಪರದೆ ತುಂಬುವ ಕಣ್ಣುಗಳು ಈ ಉಳಿತಾಯದ ಪದ್ಧತಿಯಲ್ಲೇ ಅರಳಿದವು.

ಮೊದಲ ಸಲ ಆ ಪದ್ಧತಿಯ ನೆಗೆಟಿವ್ ತುಂಡೊಂದನ್ನು ಬೆಳಕಿನ ಮೇಜಿನ ಮೇಲೆ ಇಟ್ಟು ಭೂತಗನ್ನಡಿ ಹಿಡಿದಾಗ ನನಗೆ ನಂಬಿಕೆಯಾಗಲಿಲ್ಲ. ಚೌಕಟ್ಟಿನ ಎತ್ತರ ಸೆಂಟಿಮೀಟರಿಗಿಂತ ಕಡಿಮೆ, ನನ್ನ ಕಿರುಬೆರಳಿನ ಉಗುರಿನಷ್ಟು. ಅಷ್ಟರೊಳಗೆ ಒಂದು ಮುಖ, ಟೋಪಿಯ ಅಂಚು, ಹಣೆಯ ಬೆವರು. ಅಷ್ಟು ಚಿಕ್ಕದನ್ನು ಅಷ್ಟು ದೊಡ್ಡ ಪರದೆಗೆ ಹಿಗ್ಗಿಸಿದಾಗ ಕಾಳುಕಾಳಾಗಿ ಕಾಣದೆ ಇರದು. ಆ ಕಾಳು ಫಿಲಂನ ಮೈ, ಕೊಳೆಯಲ್ಲ. ಕೆಲವು ಡಿಸ್ಕ್ ಕಂಪನಿಗಳು ಅದನ್ನು ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ತೆಗೆಯುತ್ತವೆ. ಆಗ ಬೆವರು ಹೋಗುತ್ತದೆ, ಗಡ್ಡದ ಕುರುಚಲು ಹೋಗುತ್ತದೆ, ಮುಖ ಮೇಣದ್ದಾಗುತ್ತದೆ. ಇನ್ನು ಕೆಲವು ಪುನರುಜ್ಜೀವಿತ ಪ್ರತಿಗಳಲ್ಲಿ ಆಕಾಶಕ್ಕೂ ಗೋಡೆಗೂ ಒಂದೇ ಹಳದಿ ಛಾಯೆ ಬಳಿದಿರುತ್ತದೆ. 'ಹೊಸ 4ಕೆ' ಎಂದು ಬರೆದಿದೆ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕೊಳ್ಳಬೇಡಿ. ಬಿಳಿ ಅಂಗಿ ಬಿಳಿಯಾಗಿದೆಯೇ ನೋಡಿ.

ಈಗ ನಿಮ್ಮ ಎರಡನೆಯ ಭಯ. ಮನುಷ್ಯರನ್ನು ಕೊಂದರು ಎಂಬುದು ಸುಳ್ಳು. ಈ ಮಾತು ಹಬ್ಬಿದ್ದು ರುಜ್ಜೆರೊ ದೆಯೊದಾತೊ ಅವರ 1980ರ 'ಕ್ಯಾನಿಬಲ್ ಹೋಲೊಕಾಸ್ಟ್' ಚಿತ್ರದಿಂದ. ಮಿಲಾನಿನಲ್ಲಿ ಬಿಡುಗಡೆಯಾದ ಹತ್ತು ದಿನಕ್ಕೆ ಅಧಿಕಾರಿಗಳು ಚಿತ್ರವನ್ನು ಜಪ್ತಿ ಮಾಡಿದರು, ನಿರ್ದೇಶಕರ ಮೇಲೆ ಕೊಲೆಯ ಶಂಕೆಯೂ ಬಂತು. ಚಿತ್ರ ನಿಜವೆನಿಸಲಿ ಎಂದು ನಟರು ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದೆಂದು ಕರಾರು ಮಾಡಿಕೊಂಡಿದ್ದೇ ಅವರಿಗೆ ಮುಳುವಾಗಿತ್ತು. ಕೊನೆಗೆ ನಟರನ್ನು ಜೀವಂತವಾಗಿ ಮುಂದೆ ತಂದು ನಿಲ್ಲಿಸಿದರು. ಕಂಬಕ್ಕೆ ಚುಚ್ಚಿದಂತೆ ಕಾಣುವ ಹೆಂಗಸು ಕಂಬಕ್ಕೆ ಜೋಡಿಸಿದ್ದ ಸೈಕಲ್ ಸೀಟಿನ ಮೇಲೆ ಕೂತು, ಹಗುರ ಮರದ ತುಂಡನ್ನು ಬಾಯಲ್ಲಿ ಕಚ್ಚಿಕೊಂಡು ಮುಖ ಮೇಲೆತ್ತಿದ್ದರು, ಅಷ್ಟೆ.

ಆದರೆ ಅದೇ ಚಿತ್ರದಲ್ಲಿ ಪ್ರಾಣಿಗಳ ಸಾವು ನಿಜ. ದೊಡ್ಡ ಆಮೆಯೊಂದನ್ನು ಕ್ಯಾಮೆರಾ ಮುಂದೆ ಕೊಂದು ಸೀಳಿದ್ದು ನಿಜ. ಒಂದೇ ದೃಶ್ಯಕ್ಕಾಗಿ ಎರಡು ಕೋತಿಗಳು ಸತ್ತವು, ಏಕೆಂದರೆ ಎರಡು ಟೇಕ್ ಬೇಕಾಯಿತು. ಇದನ್ನು ಕಲೆಯ ಹೆಸರಿನಲ್ಲಿ ನಾನು ಸಮರ್ಥಿಸಲಾರೆ. 1962ರ 'ಮೊಂದೊ ಕಾನೆ'ಯಿಂದ ಶುರುವಾದ ಬೆಚ್ಚಿಬೀಳಿಸುವ ಸಾಕ್ಷ್ಯಚಿತ್ರಗಳ ಸಾಲಿನಲ್ಲೂ ನಿಜವಾದ ಪ್ರಾಣಿಹತ್ಯೆ ಇದೆ, ಅದರ ಪಕ್ಕದಲ್ಲೇ ಕಟ್ಟಿ ನಿಲ್ಲಿಸಿದ ದೃಶ್ಯಗಳೂ ಇವೆ. ಆಫ್ರಿಕಾ, ಏಷ್ಯಾದ ಜನರನ್ನು ಪ್ರದರ್ಶನದ ವಸ್ತುವಿನಂತೆ ನೋಡುವ ಕಣ್ಣೂ ಅಲ್ಲಿದೆ.

ಎಲ್ಲ ಕಡೆ ಹಾಗಲ್ಲ ಎಂಬುದೂ ಮುಖ್ಯ. 1971ರಲ್ಲಿ ಲೂಚಿಯೊ ಫುಲ್ಚಿ ಅವರ ಒಂದು ಚಿತ್ರದಲ್ಲಿ ಹೊಟ್ಟೆ ಬಗೆದ ನಾಯಿಗಳ ದೃಶ್ಯ ಕಂಡು ಪ್ರಾಣಿಹಿಂಸೆಯ ಮೊಕದ್ದಮೆ ಹೂಡಿದರು. ಆ ನಾಯಿಗಳನ್ನು ಮಾಡಿದ ಕಾರ್ಲೊ ರಂಬಾಲ್ದಿ ಬೊಂಬೆಗಳನ್ನೇ ನ್ಯಾಯಾಲಯಕ್ಕೆ ಒಯ್ದು ತೋರಿಸಿದ ಮೇಲೆ ಫುಲ್ಚಿ ಪಾರಾದರು. ಮುಂದೆ ಹಾಲಿವುಡ್‌ನ 'ಇ.ಟಿ.' ಚಿತ್ರದ ಆ ಪುಟ್ಟ ಅನ್ಯಗ್ರಹ ಜೀವಿಯನ್ನು ಕಟ್ಟಿದವರೂ ಇದೇ ರಂಬಾಲ್ದಿ.

ಕಾಲೇಜಿನವರಿಗೆ ತೋರಿಸುವ ವಿಷಯಕ್ಕೆ ನನ್ನ ತಪ್ಪೊಂದನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಬಳಗದಲ್ಲಿ ಇಂಥ ಸಾಕ್ಷ್ಯಚಿತ್ರವೊಂದನ್ನು ಮುನ್ಸೂಚನೆ ಕೊಡದೆ ಹಾಕಿದೆ. ಆಘಾತವೇ ಅದರ ಗುಣ, ಮೊದಲೇ ಹೇಳಿದರೆ ಕೆಡುತ್ತದೆ ಎಂದುಕೊಂಡಿದ್ದೆ. ಅರ್ಧದಲ್ಲಿ ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು. ಆಮೇಲೆ ಹೋಗಿ ಮಾತಾಡಿಸಿದರೆ, "ಸರ್, ಇದು ನಿಜವಾದ ಸಾವು ಅಂತ ನಿಮಗೆ ಗೊತ್ತಿತ್ತಲ್ವಾ? ನಮಗೂ ಹೇಳಬಹುದಿತ್ತು" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಚಿತ್ರ ಶುರುವಾಗುವ ಮೊದಲು ಎದ್ದು ನಿಂತು ಯಾವುದು ನಟನೆ, ಯಾವುದು ನಿಜ ಎಂದು ಹೇಳುತ್ತೇನೆ, ಹೊರಗೆ ಹೋಗುವವರು ಕಾರಣ ಕೊಡಬೇಕಿಲ್ಲ ಎಂದೂ ಹೇಳುತ್ತೇನೆ.

ನಿಮಗಿರುವ ದಾರಿಗಳು ಇವು. ಪ್ರಾಣಿಹತ್ಯೆ ಇರುವ ಚಿತ್ರಗಳನ್ನು ಬಿಟ್ಟುಬಿಡುವುದು ಒಂದು, ಮೊದಲ ವರ್ಷದ ಬಳಗಕ್ಕೆ ನನ್ನ ಸಲಹೆ ಅದೇ. ಆ ದೃಶ್ಯಗಳನ್ನು ತೆಗೆದ ಆವೃತ್ತಿ ಹಾಕುವುದು ಇನ್ನೊಂದು. ಅದರ ತೊಂದರೆ ಏನೆಂದರೆ ಚಿತ್ರ ಮಾಡಿದ ತಪ್ಪನ್ನು ಅದು ಕಣ್ಮರೆ ಮಾಡಿ, ನೋಡುವವರಿಗೆ ಚಿತ್ರ ನಿರಪರಾಧಿಯಂತೆ ಕಾಣಿಸುತ್ತದೆ. ಪೂರ್ತಿ ತೋರಿಸುವುದಾದರೆ ವಯಸ್ಕರಿಗೆ ಮಾತ್ರ, ಹೇಳಿ ತೋರಿಸಿ. ಆಗಿನ ಇಟಲಿಯಲ್ಲಿ ಸೆನ್ಸಾರೇ ಇರಲಿಲ್ಲ ಎನ್ನುವವರಿದ್ದಾರೆ, ಅದೂ ತಪ್ಪು. 1962ರ 161ನೇ ಕಾನೂನಿನ ಪ್ರಕಾರ ಪ್ರತಿ ಚಿತ್ರಕ್ಕೂ ಅನುಮತಿ ಬೇಕಿತ್ತು, 14 ಅಥವಾ 18ರ ಒಳಗಿನವರಿಗೆ ಪ್ರವೇಶ ತಡೆಯಬಹುದಿತ್ತು. ಅನುಮತಿ ಸಿಕ್ಕ ಮೇಲೂ ಮ್ಯಾಜಿಸ್ಟ್ರೇಟರು ಜಪ್ತಿ ಮಾಡುತ್ತಿದ್ದರು.

ಜಾಲ್ಲೊ ಚಿತ್ರಗಳಲ್ಲಿ ಹೆಂಗಸರ ಸಾವನ್ನು ಅಲಂಕಾರವಾಗಿ ತೋರಿಸುವುದು ನಿಮ್ಮ ಬಳಗದಲ್ಲಿ ಚರ್ಚೆಗೆ ಬಂದೇ ಬರುತ್ತದೆ, ಬರಲಿ. ಬಾವಾ ಅವರ 1964ರ 'ಸೇಯಿ ದೊನ್ನೆ ಪೆರ್ ಲಸಸ್ಸೀನೊ'ದಲ್ಲಿ ಮಕ್ಕಳ ಆಟದ ಗಾಡಿಯ ಮೇಲೆ ಕ್ಯಾಮೆರಾ ಇಟ್ಟು ತಳ್ಳಿ, ಕೆಂಪು-ಹಸಿರು ದೀಪಗಳಲ್ಲಿ ಕಟ್ಟಿದ ದೃಶ್ಯಗಳಿವೆ. ಅಷ್ಟು ಚೆಲುವಾದ ಬೆಳಕಿನ ಕೆಲಸ ನಾನು ಕಂಡದ್ದು ಕಡಿಮೆ. ಆ ಬೆಳಕು ಬಿದ್ದಿರುವುದು ಒಬ್ಬೊಬ್ಬಳಾಗಿ ಸಾಯುವ ಹೆಂಗಸರ ಮೇಲೆ. ಎರಡನ್ನೂ ಒಟ್ಟಿಗೇ ಮಾತಾಡಬೇಕು, ಒಂದನ್ನು ಮುಚ್ಚಿ ಇನ್ನೊಂದನ್ನು ಹೊಗಳಿದರೆ ನಿಮ್ಮ ಹುಡುಗಿಯರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಕಾನೂನಿನ ಮಾತು ಚಿಕ್ಕದಾಗಿ: ಡಿಸ್ಕ್ ಕೊಂಡರೆ ಸಿಗುವುದು ಮನೆಯಲ್ಲಿ ನೋಡುವ ಹಕ್ಕು. ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು, 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರವೂ ಬೇಕು. ಫಿಲ್ಮ್ ಸೊಸೈಟಿಯಾಗಿ ನೋಂದಾಯಿಸಿಕೊಂಡು ಅಂಥ ಸೊಸೈಟಿಗಳ ಒಕ್ಕೂಟದ ಮೂಲಕ ವಿಚಾರಿಸಿ. ಕಾಲೇಜಿನ ಸಭಾಂಗಣದಲ್ಲಿ ಬ್ಯಾನರ್ ಕಟ್ಟುವ ಮುಂಚೆಯೇ ಈ ಕೆಲಸ ಮುಗಿಸಿ.

ನಿಮ್ಮ 105 ನಿಮಿಷದ ಪ್ರತಿಯನ್ನು ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ. ಬಳಗದವರಿಗೆ ಮೊದಲು ಗೆಳೆಯರ ಪೂರ್ಣ ಪ್ರತಿಯನ್ನು ಇಟಾಲಿಯನ್ ಧ್ವನಿಯಲ್ಲಿ ತೋರಿಸಿ. ವಾರ ಬಿಟ್ಟು, ನಿಮ್ಮದರಿಂದ ಮೊದಲ ಅರ್ಧ ಗಂಟೆ ಹಾಕಿ. ಪತ್ರಕರ್ತೆ ಯಾವ ಜಾಗದಿಂದ ಕಾಣೆಯಾದಳು ಎಂದು ಅವರೇ ಹೇಳುತ್ತಾರೆ.